ಯೂಟ್ ಎಳೆಯುವ ಭಾರ

ಲೆಕ್ಕ ಬಲ್ಲವರಿಗೆ ಒಂದು ಕಾಯಿಲೆ ಇರುತ್ತದೆ. ಕಾಗದದ ಮೇಲೆ ಸರಿಬಂದದ್ದು ರಸ್ತೆಯ ಮೇಲೂ ಸರಿಬರುತ್ತದೆಂದು ನಂಬಿಬಿಡುತ್ತಾರೆ. ನನಗಂತೂ ಇದು ವಾಸಿಯಾಗುವ ಹಂತ ದಾಟಿದೆ. ಮೈಸೂರಿನಲ್ಲಿ ಓದಿ ಸಿಡ್ನಿಗೆ ಬಂದು, ಯಾವ ಸೇತುವೆ ಎಷ್ಟು ಭಾರ ತಡೆಯುತ್ತದೆಂದು ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ನಾನು. ಹಾಗಾಗಿ ತೊಂಬತ್ತರ ದಶಕದ ಆರಂಭದಲ್ಲಿ ಹಳೆಯ ಕ್ಯಾರವಾನ್ ಒಂದನ್ನು, ಅಂದರೆ ಗಾಡಿಯ ಹಿಂದೆ ತಗುಲಿಸಿ ಎಳೆದೊಯ್ಯುವ ಪುಟ್ಟ ಮನೆಯನ್ನು, ಕೊಳ್ಳುವ ಮನಸ್ಸಾದಾಗ ಮೂರು ವಾರ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತೆ. ನನ್ನ ಬಳಿ ಇದ್ದದ್ದು ಯೂಟ್, ಅಂದರೆ ಹಿಂದೆ ತೆರೆದ ತೊಟ್ಟಿ ಇರುವ, ಇಲ್ಲಿನ ಬಡಗಿಗಳೂ ಪ್ಲಂಬರುಗಳೂ ಓಡಿಸುವಂಥ ಗಾಡಿ. ಅದು ಎಳೆಯಬಲ್ಲದ್ದು ಸಾವಿರದ ಆರುನೂರು ಕಿಲೋ. ಕ್ಯಾರವಾನಿನ ಖಾಲಿ ತೂಕ ಸಾವಿರದ ಇನ್ನೂರೈವತ್ತು. ನಮ್ಮ ಸಾಮಾನಿಗೆ ನೂರೈವತ್ತು ಹಿಡಿದರೂ ಇನ್ನೂರು ಕಿಲೋ ಮಿಗುತ್ತಿತ್ತು. ಹೆಂಡತಿ ಸರೋಜಾಗೆ ಹೆಮ್ಮೆಯಿಂದ ಲೆಕ್ಕ ತೋರಿಸಿದೆ. "ಸರಿ, ಈಗ ಊಟಕ್ಕೆ ಮೇಜು ಬಿಡ್ತೀರಾ?" ಎಂದಳು.

ಅವಳ ಆಸೆ ದೊಡ್ಡದೇನಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ನಾವು ರಜೆಯೆಂದು ಹೋದದ್ದೆಲ್ಲ ಯಾರದಾದರೂ ಮನೆಗೇ, ಅಲ್ಲಿಯೂ ಅವಳು ನಿಂತದ್ದು ಅಡಿಗೆಮನೆಯಲ್ಲೇ. ಈ ಸಲ ಮೆಲ್ಬರ್ನ್‌ನಲ್ಲಿರುವ ಅವಳ ತಂಗಿಯ ಮನೆಗೆ ಹೋಗುವ ದಾರಿಯಲ್ಲಿ, ಆಲ್ಬರಿ ಹತ್ತಿರದ ಸರೋವರದ ದಡದಲ್ಲಿ ಎರಡು ದಿನ ನಿಲ್ಲಬೇಕು. ಕ್ಯಾರವಾನಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಾರೂ ಕರೆಯದ ಹೊತ್ತಿನಲ್ಲಿ ಒಂದು ಲೋಟ ಕಾಫಿ ಕುಡಿಯಬೇಕು. ಅಷ್ಟೇ.

ಆದರೆ ನಾವು ಹೊರಟ ಸುದ್ದಿ ಪರಿಚಯದ ಕನ್ನಡದ ಮನೆಗಳಿಗೆಲ್ಲ ಮುಟ್ಟಿತು. ನಮ್ಮವರಲ್ಲಿ ಯಾರಾದರೂ ಊರು ಬಿಟ್ಟು ಹೊರಟರೆ ಅವರು ಪ್ರಯಾಣಿಕರಲ್ಲ, ಅಂಚೆಯವರು. ಮೊದಲು ಬಂದವರು ವೆಸ್ಟ್‌ಮೀಡ್ ಬಡಾವಣೆಯ ಡಾಕ್ಟರ್ ಆಂಟಿ. "ಹೇಗೂ ಹೋಗ್ತಿದ್ದೀರಲ್ಲ, ನಮ್ಮ ಮಗಳಿಗೆ ಈ ಗ್ರೈಂಡರ್ ತಲುಪಿಸಿಬಿಡಿ. ಚಿಕ್ಕದೇ," ಎಂದರು. ಚಿಕ್ಕದೇ ನಿಜ, ಒಳಗೆ ಕಲ್ಲಿತ್ತು. ಆಮೇಲೆ ಸೋನಾಮಸೂರಿ ಮೂಟೆಗಳು ಬಂದವು, ಹಿತ್ತಾಳೆ ದೀಪಗಳು ಬಂದವು, ಹೊಲಿಗೆ ಯಂತ್ರ ಬಂತು, ಯಾರದೋ ಬಾಣಂತಿಗೆಂದು ಮಂಚವೇ ಬಂತು. ಎಲ್ಲರಿಗೂ ನಾನು ಹೇಳಿದ್ದು ಒಂದೇ ಮಾತು: "ಅದಕ್ಕೇನಂತೆ, ಕೊಡಿ." ಸರೋಜಾ ಬಾಗಿಲ ಹಿಂದಿನಿಂದ ಕಣ್ಣು ಬಿಡುತ್ತಿದ್ದಳು. ನಾನು ಆ ಕಡೆ ನೋಡುತ್ತಿರಲಿಲ್ಲ.

ಹೊರಡುವ ಹಿಂದಿನ ದಿನ ಕ್ಯಾರವಾನ್ ತಗುಲಿಸಿದರೆ ಯೂಟ್‌ನ ಹಿಂಭಾಗ ಕುಕ್ಕರುಗಾಲಲ್ಲಿ ಕೂತು, ಮೂತಿ ಆಕಾಶ ನೋಡಿತು. ಗಾಬರಿಯಾಗಿ ಹತ್ತಿರದಲ್ಲಿ ಲಾರಿಗಳನ್ನು ತೂಗುವ ವೇಬ್ರಿಜ್‌ಗೆ, ಅಂದರೆ ತೂಕದ ಸೇತುವೆಗೆ, ಎಳೆದುಕೊಂಡು ಹೋದೆ. ಕ್ಯಾರವಾನೊಂದೇ ಸಾವಿರದ ಏಳುನೂರ ನಲವತ್ತು. ಅಲ್ಲಿನವನು ಕಿಟಕಿಯಲ್ಲಿ ತಲೆ ಹಾಕಿ, "ಮನೆ ಖಾಲಿ ಮಾಡ್ತಿದ್ದೀಯಾ, ಮೇಟ್?" ಎಂದು ಕೇಳಿದ. ನಾನು ಸೇತುವೆ ಇಂಜಿನಿಯರ್ ಎಂದು ಅವನಿಗೆ ಹೇಳಲಿಲ್ಲ.

ನೂರ ನಲವತ್ತು ಕಿಲೋ ಇಳಿಸಬೇಕು. ಯೂಟ್‌ನ ತೊಟ್ಟಿಯೂ ಆಗಲೇ ತುಂಬಿತ್ತು. ಯಾರದನ್ನು ಇಳಿಸುವುದು? ಪ್ರತಿ ಗಂಟಿನ ಮೇಲೂ ಹೆಸರಿತ್ತು. ವಾಪಸು ಕೊಟ್ಟರೆ ಮುಂದಿನ ಯುಗಾದಿ ಊಟದಲ್ಲಿ ಯಾವ ಮುಖ ಇಟ್ಟುಕೊಂಡು ಅವರ ಪಕ್ಕ ಕೂರುವುದು? ಹೆಸರಿಲ್ಲದ್ದು ನಮ್ಮ ಸಾಮಾನು ಮಾತ್ರ. ಸ್ಟೋವ್, ಗ್ಯಾಸ್ ಸಿಲಿಂಡರ್, ಕುರ್ಚಿಗಳು, ಹಾಸಿಗೆ, ಪಾತ್ರೆ ಎಲ್ಲ ಇಳಿಸಿದೆ, ಕ್ಯಾರವಾನಿನ ಟ್ಯಾಂಕಿನ ನೀರನ್ನೂ ಚೆಲ್ಲಿದೆ. ಮತ್ತೆ ತೂಗಿಸಿದರೆ ಸಾವಿರದ ಐನೂರ ತೊಂಬತ್ತೆಂಟು. "ಎರಡು ಕಿಲೋ ಉಳೀತು ನೋಡು," ಎಂದೆ. ಸರೋಜಾ ಒಳಗೆ ಇಣುಕಿದಳು. ಅವಳು ಮಲಗಬೇಕಿದ್ದ ಜಾಗದಲ್ಲಿ ಗ್ರೈಂಡರ್ ಮಲಗಿತ್ತು.

"ಇದರಲ್ಲಿ ನಾನೆಲ್ಲಿ ಕೂತು ಕಾಫಿ ಕುಡೀಲಿ ರೀ? ನೀವು ಪಾರ್ಸಲ್ ತಗೊಂಡು ಬನ್ನಿ. ನಾನು ಟ್ರೈನಲ್ಲಿ ಬರ್ತೀನಿ."

ಜಗಳವಾಡಿದ್ದರೆ ಸಮಾಧಾನವಿರುತ್ತಿತ್ತು. ಅವಳು ಆಡಲಿಲ್ಲ, ಟ್ರೈನ್ ಹತ್ತಿ ಹೋದಳು. ಮರುದಿನ ನಾನೊಬ್ಬನೇ ಆ ಸರೋವರದ ಪಕ್ಕ ಗಾಡಿ ನಿಲ್ಲಿಸದೆ ಹೋದೆ. ನಿಜವಾಗಿ ನಾಚಿಕೆಯಾಯಿತು.

ಮೆಲ್ಬರ್ನ್‌ನಿಂದ ಮರಳುವ ದಿನ ಹತ್ತಿರವಾದಾಗ ತಂಗಿ ಮನೆಯ ಫೋನು ತೆಗೆದುಕೊಳ್ಳುವ ಅಧಿಕಾರವನ್ನು ಸರೋಜಾ ತಾನೇ ವಹಿಸಿಕೊಂಡಳು. "ಇಲ್ಲ ಆಂಟಿ, ಜಾಗ ಇಲ್ಲ," ಎಂದು ನಗುತ್ತಲೇ ಹೇಳುತ್ತಿದ್ದಳು. ಯಾರೂ ಮುನಿಸಿಕೊಳ್ಳಲಿಲ್ಲ. ನನಗೆ ಇದು ಪವಾಡದಂತೆ ಕಂಡಿತು. ಆದರೂ ಹೊರಡುವ ಬೆಳಿಗ್ಗೆ ನಾನು ಪೆಟ್ರೋಲ್ ಹಾಕಿಸಲು ಹೋದಲ್ಲಿ ಪರಿಚಯದವರೊಬ್ಬರು ಸಿಕ್ಕಿ, ಸಿಡ್ನಿಯಲ್ಲಿರುವ ತಮ್ಮನಿಗೆಂದು ಕೋಡುಬಳೆ ಡಬ್ಬಿ ಕೊಟ್ಟರು. ಎರಡೇ ಕಿಲೋ. ಸೀಟಿನ ಕೆಳಗೆ ತಳ್ಳಿದೆ.

ಸರೋವರದ ದಡದಲ್ಲಿ, ಹಾಸಿಗೆ, ಕುರ್ಚಿಗಳ ಜೊತೆ ತಂಗಿಯಿಂದ ಎರವಲು ತಂದ ಸ್ಟೋವಿನ ಮೇಲೆ ಸರೋಜಾ ಕಾಫಿ ಮಾಡಿದಳು. ಬೆಂಕಿಪೊಟ್ಟಣ ಹುಡುಕುವಾಗಲೇ ಅವಳ ಕೈಗೆ ಡಬ್ಬಿ ಸಿಕ್ಕಿತ್ತು. ಯಾರದೆಂದು ಕೇಳಿದಳು. ಹೇಳಿದೆ. ಅವಳು ಮುಚ್ಚಳ ತೆಗೆದು ನನ್ನ ಮುಂದಿಟ್ಟಳು. "ತಿನ್ನಿ. ಭಾರ ಇಳೀಲಿ."

ಎರಡು ದಿನ ತಿಂದೆವು. ಅವಳು ಕಾಲು ಚಾಚಿಕೊಂಡು ಮೂರು ಮೂರು ಸಲ ಕಾಫಿ ಕುಡಿದಳು. ಅಷ್ಟು ಹಗುರಾಗಿ ಅವಳು ನಕ್ಕದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ಮನೆ ಸೇರಿದ ಸಂಜೆಯೇ ಆ ತಮ್ಮನ ಫೋನು. "ಅಣ್ಣ ಏನೋ ಕಳಿಸ್ತೀನಿ ಅಂದಿದ್ದ, ತಂದ್ರಾ ಸಾರ್?" ಸರೋಜಾ ನನ್ನನ್ನೇ ನೋಡುತ್ತಾ ನಿಂತಿದ್ದಳು. "ಇಲ್ಲ, ಜಾಗ ಇರಲಿಲ್ಲ," ಎಂದೆ. ಜೀವಮಾನದಲ್ಲಿ ನಾನು ಗಟ್ಟಿಯಾಗಿ ಹೇಳಿದ ಮೊದಲ 'ಇಲ್ಲ' ಅದು. ಅದನ್ನೂ ಬಾಯಲ್ಲಿದ್ದ ಕೊನೆಯ ಕೋಡುಬಳೆ ನುಂಗಿಕೊಂಡು ಹೇಳಬೇಕಾಯಿತು.