ತಪ್ಪು ಯಾರದ್ರಿ, ವಕೀಲ ಬಾಯಾರ?

ಜಮಖಂಡಿ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಹೆಂಗಸಿಗೆ ಸಿಟ್ಟು ಬರಿಸಲು ಬೇರೆ ಯಾರೂ ಬೇಕಿಲ್ಲ, ಸೋಡಚೀಟಿ ಕೇಳಲು ಬಂದವರ ಬಂಧುಬಳಗ ಸಾಕು. ಗಂಡ ಹೆಂಡತಿ ಇಬ್ಬರೂ ಒಪ್ಪಿ, ಒಬ್ಬರ ಮೇಲೊಬ್ಬರು ಕೆಸರು ಎರಚದೆ ವಿಚ್ಛೇದನ ಪಡೆಯಬಹುದು ಎಂದು ಕಾನೂನು ಹೇಳಿ ಎಷ್ಟೋ ಕಾಲವಾಯಿತು. ನಮ್ಮ ಮಂದಿಗೆ ಮಾತ್ರ ತಪ್ಪು ಯಾರದು ಅಂತ ಗೊತ್ತಾಗದಿದ್ದರೆ ಉಂಡದ್ದು ಅರಗುವುದಿಲ್ಲ. ಇಂಥವು ನನ್ನ ಕಚೇರಿಯಲ್ಲಿ ನಡೆಯುತ್ತಲೇ ಇರುತ್ತವೆ. ಇಲ್ಲಿ ಹೇಳುವುದು ಒಂದೇ ಜೋಡಿಯ ಸಂಗತಿ. ಅದೊಂದಕ್ಕೇ ನನಗೆ ಬಿ.ಪಿ. ಗುಳಿಗೆ ಶುರುವಾಯಿತು.

ಶನಿವಾರದ ಸಲಹೆ

ಹುಡುಗ ಮುಧೋಳದಲ್ಲಿ ಬ್ಯಾಂಕ್ ನೌಕರ. ಹುಡುಗಿ ರಬಕವಿಯಲ್ಲಿ ಶಾಲೆಯ ಅಕ್ಕೋರು. ಹಿರಿಯರು ಮಾಡಿದ ಮದುವೆ. ಮಕ್ಕಳಿಲ್ಲ. ಬೇರೆ ಬೇರೆ ಇರತೊಡಗಿ ವರ್ಷ ದಾಟಿತ್ತು.

"ಜಗಳ ಆಗೇದೇನು?" ಕೇಳಿದೆ.

"ಇಲ್ರಿ."

"ಕುಡಿತ? ಹೊಡೆತ?"

"ಛೇ, ಇಲ್ರಿ," ಅಂದಳು ಹುಡುಗಿ. "ಇವರೂ ಛಲೋ ಅದಾರ, ನಾನೂ ಛಲೋ ಅದೇನಿ. ಆದ್ರ ಒಂದ ಮನ್ಯಾಗ ಊಟಕ್ಕ ಬಂದ ಪಾವಣೇರಂಗ ಇದ್ವಿ. 'ಚಾ ತಗೋರಿ' ಅಂತ ನಾ, 'ಬ್ಯಾಡ ಬಿಡ್ರಿ' ಅಂತ ಇವರು. ದಿನಾ ಅಷ್ಟ ಸಂಸಾರ."

ನನಗಿಂತ ಮುಂಚೆ ಅವರು ಬೇರೊಬ್ಬ ವಕೀಲರ ಹತ್ತಿರ ಹೋಗಿದ್ದರಂತೆ. ಆ ಮಹಾನುಭಾವರು ಕೇಳಿದ್ದೂ ಇಲ್ಲ, ಕೇಳಿಸಿಕೊಂಡದ್ದೂ ಇಲ್ಲ. ಗಂಡ ದಿನಾ ಕುಡಿದು ಬರುತ್ತಾನೆ ಎಂದು ಅರ್ಜಿ ಬರೆಯಲು ಕುಳಿತೇಬಿಟ್ಟರಂತೆ. ಹುಡುಗ ಗಾಬರಿಯಾಗಿ, "ನಾ ಅದನ್ನ ಮುಟ್ಟೂದ ಇಲ್ರಿ ಸಾಹೇಬ್ರ," ಅಂದಿದ್ದಾನೆ.

"ಅದಕ್ಕವರು ಏನಂದ್ರು?"

"'ಹಂಗಾದ್ರ ಕೇಸು ನಿಲ್ಲಂಗಿಲ್ಲ. ಬರೂ ಶನಿವಾರದಿಂದ ಸ್ವಲ್ಪ ಸ್ವಲ್ಪ ಶುರು ಮಾಡ್ರಿ' ಅಂದ್ರು."

ಹೊಡೆಯದವನ ಹೆಂಡತಿ

ನಾನು ಇಬ್ಬರನ್ನೂ ಕೂಡಿಸಿ ತಿಳಿಸಿ ಹೇಳಿದೆ. ವರ್ಷದ ಮೇಲೆ ಬೇರೆ ಇದ್ದೀರಿ, ಇಬ್ಬರೂ ಕೂಡಿ ಒಂದೇ ಅರ್ಜಿ ಹಾಕಬಹುದು. ಕೋರ್ಟು ಯೋಚನೆ ಮಾಡಲು ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತದೆ, ಆಮೇಲೆ ಮತ್ತೊಮ್ಮೆ ಕೇಳುತ್ತದೆ. ಅಲ್ಲಿಯವರೆಗೆ ಒಬ್ಬರು ಹಿಂದೆ ಸರಿದರೂ ಮುಗಿಯಿತು, ಕೆಲಸ ಕೆಟ್ಟಂತೆ. ಯಾರ ತಪ್ಪನ್ನೂ ಬರೆಯಬೇಕಾಗಿಲ್ಲ.

"ಅಷ್ಟ ಬೇಕಾಗೇತ್ರಿ," ಅಂದಳು ಹುಡುಗಿ. "ಇವರ ಬಗ್ಗೆ ಕೆಟ್ಟ ಬರೆಯೂದು ಬ್ಯಾಡ, ನನ್ನ ಬಗ್ಗೆನೂ ಬ್ಯಾಡ."

ಅವಳ ಓಣಿಗೆ ಇದು ಸಮಾಧಾನವಾಗಬೇಕಲ್ಲ! ಪಕ್ಕದ ಮನೆಯ ಕಾಕೂ ಬಂದು ಅವಳನ್ನು ಪಡಸಾಲೆಯಲ್ಲಿ ಹಿಡಿದು ಕೂಡಿಸಿಕೊಂಡಳಂತೆ.

"ಹೊಡೀತಿದ್ನೇನ ತಂಗಿ?"

"ಇಲ್ಲ ಕಾಕೂ."

"ಬೈತಿದ್ನೇನ?"

"ಎಂದೂ ಇಲ್ಲ."

ಕಾಕೂಗೆ ಅಳು ಬಂತಂತೆ. "ನಿಮ್ಮ ಕಾಕಾ ಇವತ್ತಿಗೂ ಸಾರಿಗೆ ಉಪ್ಪು ಕಮ್ಮಿ ಆದ್ರ ತಾಟು ಬೀಸಿ ಒಗೀತಾರ. ನಾ ಬಾಳೇವು ಮಾಡಾಕತ್ತಿಲ್ಲೇನ? ಹೊಡೀಲಾರದಂಥಾ ಗಂಡನ್ನ ಬಿಡತಿ ಅಂದ್ರ ನಿನಗ ಸೊಕ್ಕು ಬಾಳ ಆಗೇತಿ. ನನಗರ ಸಿಕ್ಕಿದ್ರ ಆರತಿ ಎತ್ತತಿದ್ದೆ!"

ನನಗೆ ಇದನ್ನು ಕೇಳಿ ಮೈ ಉರಿಯಿತು. ಸೋಡಚೀಟಿ ಬೇಕಾದವಳು ಒಬ್ಬಳು, ನಿಜಕ್ಕೂ ಅರ್ಜಿ ಹಾಕಬೇಕಾದವಳು ಪಕ್ಕದ ಮನೆಯವಳು.

ಹಿರಿಯರ ತೀರ್ಪು

ಆಮೇಲೆ ಇಬ್ಬರ ಅಪ್ಪಂದಿರು ಒಬ್ಬರ ಹಿಂದೊಬ್ಬರು ನನ್ನ ಕಚೇರಿಗೆ ಬಂದರು. ಹುಡುಗಿಯ ಅಪ್ಪ ರಬಕವಿಯ ಸೀರೆ ವ್ಯಾಪಾರಿ. "ಹುಡುಗಂದ ತಪ್ಪು ಅಂತ ಬರೀರಿ ಬಾಯಾರ. ಇಲ್ಲಾಂದ್ರ ಮಂದಿ ನಮ್ಮ ಹುಡುಗೀದ ತಪ್ಪು ಅಂತ ತಿಳೀತಾರ. ಸಣ್ಣ ಮಗಳು ಮನ್ಯಾಗ ಅದಾಳ, ಆಕಿನ್ನ ನೋಡಾಕ ಯಾರ ಬರ್ತಾರ?" ಅಂದರು.

ಹುಡುಗನ ಅಪ್ಪ ಚಿಮ್ಮಡದ ಜಮೀನುದಾರರು. "ಹುಡುಗೀದ ತಪ್ಪು ಅಂತ ಬರೀರಿ. ನನ್ನ ಮಗಗ ಇನ್ನೊಂದು ಹೆಣ್ಣು ನೋಡಬೇಕು," ಅಂದರು.

ಎರಡನ್ನೂ ಬರೆಯುವುದಿಲ್ಲ ಅಂದೆ. ಸರಿ, ಚಿಮ್ಮಡದಲ್ಲಿ ಹಿರಿಯರ ಬೈಠಕ್ ಕೂಡಿತು. ಜೋಡಿಯ ಒತ್ತಾಯಕ್ಕೆ ನಾನೂ ಹೋದೆ. ಜಮಖಾನೆ ಹಾಸಿ, ಪಟಗಾ ಸುತ್ತಿದ ಹಿರಿಯರು ಸಾಲಾಗಿ ಕುಳಿತಿದ್ದರು.

"ಹುಡುಗನ ತಪ್ಪು ಏನ ಹೇಳವಾ," ಎಂದು ಅವಳನ್ನು ಕೇಳಿದರು.

"ಏನೂ ಇಲ್ರಿ."

"ನೀ ಹೇಳೋ, ಹುಡುಗೀದು ಏನೈತಿ?"

"ಏನೂ ಇಲ್ರಿ ಅಜ್ಜಾರ."

ಹಿರಿಯರು ತಮ್ಮತಮ್ಮಲ್ಲೇ ಬಹಳ ಹೊತ್ತು ಗುಸುಗುಸು ಮಾಡಿದರು. ಯಾರ ತಪ್ಪನ್ನೂ ಹಿಡಿಯದೆ ಎದ್ದು ಹೋದರೆ ಕೂಡಿದ್ದಕ್ಕೆ ಅರ್ಥವೇನು? ಕಡೆಗೆ ಎಲ್ಲರಿಗಿಂತ ಹಿರಿಯರು ಗಂಟಲು ಸರಿಮಾಡಿಕೊಂಡು ಹೇಳಿದರು: "ಹುಡುಗಂದೂ ಇಲ್ಲ, ಹುಡುಗೀದೂ ಇಲ್ಲ. ಅಂದ ಮ್ಯಾಲ ತಪ್ಪು ವಕೀಲ ಬಾಯಾರದ."

ಎಲ್ಲರೂ ಹೌದು ಹೌದು ಅಂದರು. ಚಹಾ ಬಂತು. ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಕೊಟ್ಟರು.

ಕೋರ್ಟಿನ ಮರ್ಯಾದೆ

ಅರ್ಜಿ ಹಾಕುವ ದಿನ ಇಬ್ಬರೂ ಒಂದೇ ಬೈಕಿನಲ್ಲಿ ಬಂದರು. ಅವಳಿಗೆ ಬಸ್ಸು ತಪ್ಪಿತ್ತು, ಅವನು ಹೋಗಿ ಕರೆತಂದಿದ್ದ. ವರಾಂಡದ ಬೆಂಚಿನ ಮೇಲೆ ಕುಳಿತು ಒಂದೇ ಪೊಟ್ಟಣದ ಗಿರಮಿಟ್ಟು ತಿನ್ನುತ್ತ ಏನೋ ಹೇಳಿಕೊಂಡು ನಗುತ್ತಿದ್ದರು. ಬಿಡುವುದೆಂದು ಗಟ್ಟಿಯಾದ ಮೇಲೆ ಅವರಿಗೆ ಮಾತಾಡಲು ಬಂದಿತ್ತು.

ಕೋರ್ಟಿನ ಜವಾನ ನೋಡುವಷ್ಟು ನೋಡಿ ನನ್ನ ಹತ್ತಿರ ಬಂದ. "ಬಾಯಾರ, ನಿಮ್ಮ ಪಾರ್ಟಿಗೆ ಸ್ವಲ್ಪ ಹೇಳ್ರಿ. ಸೋಡಚೀಟಿಗೆ ಬಂದವರು ಹಿಂಗ ಕೂಡ್ರತಾರೇನ್ರಿ? ಆಚಿ ಬೆಂಚಿನ ಮ್ಯಾಗಿನವ್ರನ್ನ ನೋಡ್ರಿ, ಮುಂಜಾನಿಂದ ಒಬ್ಬರ ಮಾರಿ ಒಬ್ಬರು ನೋಡಿಲ್ಲ. ಕೋರ್ಟಿಗೆ ಒಂದು ಮರ್ಯಾದಿ ಬ್ಯಾಡ?"

ಒಪ್ಪಿಗೆ

ಆರು ತಿಂಗಳು ಕಳೆದು, ಕೋರ್ಟು ಮತ್ತೊಮ್ಮೆ ಕೇಳುವ ಕೊನೆಯ ದಿನ ಹುಡುಗಿಯ ಮುಖ ಬಾಡಿತ್ತು. ಹುಡುಗ ತಪ್ಪು ಒಪ್ಪದ ಹೊರತು 'ಒಲ್ಲೆ' ಅನ್ನು ಎಂದು ಅವಳ ಅಪ್ಪ ಹಟ ಹಿಡಿದಿದ್ದರು. ಅವಳು ಒಲ್ಲೆ ಅಂದರೆ ಇಷ್ಟು ದಿನ ಕಾದದ್ದೆಲ್ಲ ನೀರಲ್ಲಿ ಹೋಮ. ಮುಂದೆ ಉಳಿಯುವುದು ಅದೇ ಕೆಸರೆರಚಾಟದ ಕೇಸು. ನನಗೆ ಅಪ್ಪಂದಿರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಕರಿಕೋಟು ಮೈಮೇಲಿತ್ತು, ಅದಕ್ಕೇ ಸುಮ್ಮನಿದ್ದೆ.

ನ್ಯಾಯಾಧೀಶರು ಬೇರೆ ಕಡೆಯಿಂದ ಬಂದವರು. "ಯಾರ ಒತ್ತಾಯವೂ ಇಲ್ಲವಲ್ಲಮ್ಮ?" ಎಂದು ಅವಳನ್ನು ಕೇಳಿದರು. ಅವಳು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ಅವಳ ಅಪ್ಪ ಎದ್ದು ನಿಂತರು.

"ಸಾಹೇಬ್ರ, ತಪ್ಪು ಹುಡುಗಂದ್ರಿ!"

"ಸುಳ್ರೀ! ಹುಡುಗೀದು!" ಎಂದು ಹುಡುಗನ ಅಪ್ಪನೂ ಎದ್ದರು.

"ಬೀಗರ, ನಿಮ್ಮ ಮಗನ ಮನಸ್ಸಿನ್ಯಾಗ ಏನೈತಿ ಅಂತ ಮದುವಿ ಮುಂಚೆ ನೀವು ಕೇಳಿದ್ರೇನು?"

"ನೀವು ನಿಮ್ಮ ಮಗಳನ್ನ ಕೇಳಿದ್ರೇನು? ಧಾರಿ ಸೀರಿ ಬಣ್ಣ ಸೈತ ನೀವ ಆರಿಸಿದ್ರಿ!"

ಜವಾನ ಓಡಿಬಂದ. ನ್ಯಾಯಾಧೀಶರು ಕೈ ಎತ್ತಿ ಅವನನ್ನು ತಡೆದು, ಕನ್ನಡಕ ತೆಗೆದಿಟ್ಟರು. "ಅಂದರೆ ಮದುವೆಯ ಹೊತ್ತಿಗೆ ಈ ಇಬ್ಬರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ?"

ಬೀಗರಿಬ್ಬರೂ ಅಷ್ಟು ದಿನಗಳಲ್ಲಿ ಮೊದಲ ಸಲ ಒಂದಾದರು. "ಇಲ್ರಿ ಸಾಹೇಬ್ರ," ಅಂದರು, ಎದೆ ಸೆಟೆಸಿ. "ನಮ್ಮಲ್ಲಿ ಆ ಪದ್ಧತಿ ಇಲ್ಲ."

"ಹಾಗಾದರೆ ಕುಳಿತುಕೊಳ್ಳಿ. ನಾನಾದರೂ ಕೇಳುತ್ತೇನೆ."

ಅವರು ಮತ್ತೆ ಹುಡುಗಿಯ ಕಡೆ ತಿರುಗಿದರು. "ನಿಮ್ಮ ಒಪ್ಪಿಗೆ ಇದೆಯೇನಮ್ಮ?"

ಅವಳು ತಲೆ ಎತ್ತಿದಳು. "ಐತ್ರಿ," ಅಂದಳು, ವರಾಂಡದವರೆಗೆ ಕೇಳುವಂತೆ.

"ನಿಮ್ಮದು?"

"ನಂದೂ ಐತ್ರಿ."

ಸೋಡಚೀಟಿ ಸಿಕ್ಕಿತು. ಆದೇಶದಲ್ಲಿ ಯಾರ ತಪ್ಪೂ ಇರಲಿಲ್ಲ, ವಕೀಲ ಬಾಯಾರದು ಕೂಡ.

ಹೊರಗೆ ಬಂದಾಗ ಹುಡುಗಿಯ ಅಪ್ಪ ಬೇವಿನ ಗಿಡದ ಕೆಳಗೆ ನಿಂತಿದ್ದರು. ಬೈಗುಳಕ್ಕೆ ಸಿದ್ಧವಾಗಿಯೇ ಹತ್ತಿರ ಹೋದೆ. ಅವರ ದನಿ ಮೆತ್ತಗಾಗಿತ್ತು.

"ಆದದ್ದು ಆತು ಬಾಯಾರ. ಬರೂ ವಾರ ಸಣ್ಣಾಕಿನ್ನ ನೋಡಾಕ ಹುನ್ನೂರಿನಿಂದ ಬರಾಕತ್ತಾರ. ಆಕಿಗೆ ಹಿಂಗ ಆಗಬಾರದು. ಏನ ಮಾಡ್ಲಿ ಹೇಳ್ರಿ."

"ಮೊದಲು ಆಕಿನ್ನ ಕೇಳ್ರಿ," ಅಂದೆ.

ಅವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಖರೇನೇ ಯೋಚಿಸಿದರು. ಆಮೇಲೆ ನನ್ನ ಹತ್ತಿರ ಸರಿದು, ಯಾರಿಗೂ ಕೇಳಿಸದಂತೆ ಸಣ್ಣ ದನಿಯಲ್ಲಿ ಕೇಳಿದರು:

"ಏನಂತ ಕೇಳೂದ್ರಿ?"