ಎಡಕ್ಕೆ ಹೊಡೆಯುವ ಬಂದೂಕು

ನಮ್ಮವರು ತೀರಿಹೋದ ಸುದ್ದಿ ರಾಯಚೂರಿನ ನೆಂಟರಿಗೆ ಮುಟ್ಟಲು ತಡವಾಯಿತು. ಮಿಯಾಪುರದ ಮಂಗಗಳಿಗೆ ಅದೇ ದಿನ ಮುಟ್ಟಿತು. ಯಾರು ಹೇಳಿದರೋ. ನಾನಂತೂ ಫೋನ್ ಮಾಡಿರಲಿಲ್ಲ.

ನಾನು ಸಂಡಿಗೆ ಮಾಡಿ ಅಮೀರ್‌ಪೇಟ್‌ನ ಒಂದು ಹಾಸ್ಟೆಲ್ಲಿಗೆ ಹಾಕುತ್ತೇನೆ. ಈಗ ನನ್ನ ಅನ್ನ ಅದರಲ್ಲೇ. ಮಾಳಿಗೆಯ ಮೇಲೆ ಒಣಹಾಕಿ ಕೆಳಗಿಳಿದರೆ ಸಾಕು, ವಾನರಸೇನೆಯ ಪಂಕ್ತಿ ಕೂಡುತ್ತದೆ. ಅಳುವುದಕ್ಕೂ ಪುರುಸೊತ್ತು ಬೇಕು. ಮಂಗಗಳು ಅದನ್ನೂ ಕೊಡಲಿಲ್ಲ.

ಅವರಿದ್ದಾಗ ಹೀಗಿರಲಿಲ್ಲ. ಅವರ ಹತ್ತಿರ ಒಂದು ಮಹಾಸ್ತ್ರವಿತ್ತು. ಮಿಲಿಟರಿಯವರು ಹೊಸ ಸಿಪಾಯಿಗಳಿಗೆ ಗುರಿ ಕಲಿಸಿ ಕಲಿಸಿ ಸವೆಸಿ, ಹರಾಜಿಗೆ ಹಾಕಿದ ಹಳೆಯ ಗಾಳಿ ಬಂದೂಕು. ಸೀಸದ ಸಣ್ಣ ಗುಂಡು ಹಾಕುವಂಥದು. ನಮ್ಮವರೂ ಮಿಲಿಟರಿಯಲ್ಲೇ ಇದ್ದವರು. (ಅಡಿಗೆಮನೆಯಲ್ಲಿ. ಅದನ್ನು ನಾನು ಹೊರಗೆ ಹೇಳುವುದಿಲ್ಲ.) ಮಂಗಕ್ಕೆ ಹೊಡೆಯುವಂತಿಲ್ಲ, ಹನುಮಪ್ಪನ ಮಂದಿ. ಅದಕ್ಕೇ ಮಾಳಿಗೆಯ ಮೂಲೆಯಲ್ಲಿ ಎಣ್ಣೆ ಡಬ್ಬಿಯ ತಗಡೊಂದು ತೂಗುಹಾಕಿದ್ದರು. ಬಂದೂಕು ಫಟ್ ಅನ್ನುತ್ತಿತ್ತು. ಕೂಡಲೇ ಠಣ್ ಎಂದು ಸಪ್ಪಳ. ಮಂಗಗಳು ಪರಾರಿ. ಮೊದಲನೇ ದಿನ ಬಿಟ್ಟರೆ ಒಂದು ಸಲವೂ ಗುರಿ ತಪ್ಪಿದ್ದಿಲ್ಲ. ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೇಳುತ್ತಿದ್ದೆ. ಮೇಲೆ ಬರಬೇಡ, ಗುಂಡು ತಾಗೀತು ಎನ್ನುತ್ತಿದ್ದರು. ಗಲ್ಲಿಯ ತೆಲುಗರು ‘ಮಿಲಿಟರಿ ಬಾಬಾಯ್’, ಅಂದರೆ ಮಿಲಿಟರಿ ಚಿಕ್ಕಪ್ಪ, ಎಂದು ಕೈ ಮುಗಿಯುತ್ತಿದ್ದರು. ನಾನು ಬಾವಿಗೆ ಬಿದ್ದರೂ ನಮ್ಮವರ ಗುರಿಯ ಮಾತು ಹೇಳಿಕೊಂಡೇ ಬೀಳುತ್ತಿದ್ದೆ.

ಅವರು ಹೋದ ಮೇಲೆ ನಾನೇ ಬಂದೂಕು ಹಿಡಿದೆ. ಫಟ್ ಅಂದಿತು. ಠಣ್ ಅನ್ನಲಿಲ್ಲ. ಒಂದು ಮರಿಮಂಗ ನನ್ನನ್ನೇ ನೋಡುತ್ತ ಸಂಡಿಗೆ ಕಡಿಯಿತು.

ಮೈದುನ ಅಮರಯ್ಯನನ್ನು ಕರೆಸಿದೆ. ಕಾರ್ಖಾನೆಯಲ್ಲಿ ಫಿಟರ್. ಬಂದವನೇ ಬಂದೂಕು ಕಣ್ಣಿಗೆ ಹಿಡಿದು ನಕ್ಕ.

“ವೈನಿ, ಇದರ ಗುರಿ ಸೊಟ್ಟ ಐತಿ. ತುದ್ಯಾಗಿನ ಗುರಿ ನೋಡೋ ಮುಳ್ಳು ಸರದೈತಿ. ಬಡದು ಸರಿ ಮಾಡತೀನಿ.”

“ಮುಟ್ಟಬ್ಯಾಡ. ನಿಮ್ಮಣ್ಣ ಇಟ್ಟಿದ್ದು ಅದು.”

“ಹಂಗಾದ್ರ ನನ್ನ ಯಾಕ ಕರದ್ರಿ? ಸಂಡಿಗಿ ತಿನ್ನಾಕೇನು?”

“ಅದಕ್ಕ ಮಂಗ್ಯಾ ಅದಾವಲ್ಲ. ನೀ ಬಂದೂಕು ಒರಸಿ ಕೊಡು. ಅವರ ಗುರಿ ಅದರಾಗ ಐತಿ.”

ಅವನು ಗುಂಡು ಹಾಕಿ ತಗಡಿಗೆ ಹಿಡಿದ. ಫಟ್. ತಗಡಿನ ಎಡಕ್ಕೆ, ಗೋಡೆಯ ಗಾರೆ ಉದುರಿತು. ಹತ್ತಿರ ಹೋಗಿ ನೋಡಿದ. ಅಲ್ಲಿ ಗೋಡೆಗೆ ಸಿಡುಬು ಎದ್ದಂತೆ ತೂತುಗಳು. ಆಮೇಲೆ ತಗಡನ್ನು ತಿರುಗಿಸಿ ನೋಡಿದ.

“ವೈನಿ, ಈ ತಗಡಿಗೆ ಒಂದೂ ತಗ್ಗು ಬಿದ್ದಿಲ್ಲಲ್ಲ?”

“ಅವರು ಮೆಲ್ಲಗ ಹೊಡೀತಿದ್ರು,” ಎಂದೆ.

ಅಮರಯ್ಯ ನನ್ನ ಮುಖ ನೋಡಿದ. ಆ ಹೊತ್ತಿಗೆ ನೀರಿನ ಟಾಕಿಯ ಮೇಲೆ ಸೇನೆ ಬಂದು ಕೂತಿತ್ತು. ಹಾಸ್ಟೆಲ್ಲಿನವರು ಇನ್ನೊಂದು ಸಲ ಮಾಲು ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ನನಗೆ ಸಾಕಾಗಿತ್ತು. “ಆತು, ಬಡಿ,” ಎಂದೆ.

ಮುಳ್ಳಿಗೆ ಹಿತ್ತಾಳೆ ಸೌಟಿನ ಹಿಡಿ ಆನಿಸಿ, ಒರಳಿನ ಕಲ್ಲಿನಿಂದ ಎಡಕ್ಕೆ ಬಡಿಯತೊಡಗಿದ.

“ಹುಚ್ಚಪ್ಪಾ, ಎಡಕ್ಕ ಹೋಗೋದನ್ನ ಇನ್ನಾ ಎಡಕ್ಕ ದಬ್ಬತೀಯಲ್ಲೋ!”

“ಮುಂದಿನ ಮುಳ್ಳು ಹಂಗ ಇರತೈತಿ ವೈನಿ. ಗುಂಡು ಯಾ ಕಡೆ ಹೊಕ್ಕೈತಿ, ಮುಳ್ಳನ್ನ ಆ ಕಡೆನ ಸರಸಬೇಕು. ಆಗ ಅದು ಈ ಕಡೆ ಬರತೈತಿ.”

“ನಿಮ್ಮ ಮನಿ ಗಂಡಸರ ಹಂಗ.”

ಒಂದು ಪೆಟ್ಟು ಜಾಸ್ತಿ ಬಿತ್ತು. ಮುಂದಿನ ಗುಂಡು ಬಲಕ್ಕೆ ಹೋಗಿ ಹಗ್ಗದ ಮೇಲಿನ ನಮ್ಮವರ ಬನಿಯನ್ನಿಗೆ ಹೊಕ್ಕಿತು. ಅದನ್ನು ನಾನು ಇನ್ನೂ ತೆಗೆದಿರಲಿಲ್ಲ. ಅವರಿದ್ದಾಗಲೇ ಅದರಲ್ಲಿ ನಾಲ್ಕು ತೂತಿದ್ದವು. ಐದಾಯಿತು.

ಅಮರಯ್ಯ ಕೈ ಕೆಳಗೆ ಬಿಟ್ಟು ನಿಂತ. “ಬಡಿ ಬಡಿ, ನಿಂತ್ರ ಹೆಂಗ,” ಎಂದೆ. ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬಡಿದು, ಉಸಿರು ಹಿಡಿದು ಬಂದೂಕಿನ ಕುದುರೆ ಒತ್ತಿದ.

ತಗಡಿಗೆ ಬಡಿಯಿತು. ಸರಿಯಾಗಿ ನಡುವಿಗೆ.

ಟಪ್ ಅಂದಿತು. ಅಷ್ಟೇ. ಒಣಗಿದ ಸೋರೆಕಾಯಿಗೆ ಬೆರಳಲ್ಲಿ ಹೊಡೆದಂತೆ. ಮಂಗಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಅಷ್ಟರಲ್ಲಿ ಗೋಡೆಯ ಆಚೆಯಿಂದ ಠಣ್! ಠಣ್! ಟಾಕಿಯ ಮೇಲೆ ಒಂದು ಮಂಗವೂ ಉಳಿಯಲಿಲ್ಲ.

ನಾನು ಗೋಡೆ ಹಿಡಿದು ಬಗ್ಗಿ ನೋಡಿದೆ. ಪಕ್ಕದ ಮಾಳಿಗೆಯಲ್ಲಿ ಯಮುನಾಬಾಯಿ. ಒಂದು ಕೈಯಲ್ಲಿ ಹಿಟ್ಟು ನಾದುವ ಹಿತ್ತಾಳೆ ಪರಾತ, ಇನ್ನೊಂದರಲ್ಲಿ ಲಟ್ಟಣಿಗೆ. ನಮ್ಮವರ ಮಣ್ಣು ಮುಗಿದ ಮರುದಿನ ಮಗಳ ಊರಿಗೆ ಹೋದವಳು ಅವತ್ತೇ ಬಂದಿದ್ದಳು.

“ತಡ ಆತು ಶಂಕ್ರಮ್ಮಾ,” ಎಂದು ಏದುಸಿರು ಬಿಟ್ಟಳು. “ಈಗ ಬಸ್ ಇಳದು ಬಂದೀನಿ. ಬಂದೂಕಿನ ಸಪ್ಪಳ ಕೇಳತು, ರೂಢಿ ನೋಡು, ಓಡಿ ಬಂದೆ.”

ಮಾತು ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು.

“ಏನು ರೂಢಿ?” ಎಂದೆ.

“ಮೊದಲನೇ ದಿನ ಮೂರು ಗುಂಡು ಹೊಡದ್ರವ್ವಾ. ಮೂರೂ ಗ್ವಾಡಿಗಿ. ಕೆಳಗ ನೀ ‘ಬಿತ್ತೇನ್ರಿ, ಬಿತ್ತೇನ್ರಿ’ ಅಂತ ಜೀವ ತಿನ್ನಾಕತ್ತಿದ್ದಿ. ಅವರ ಮಾರಿ ನೋಡಾಕ ಆಗಲಿಲ್ಲ. ಕೈಯಾಗ ಪರಾತ ಇತ್ತು, ಬಡದೆ. ಆಮ್ಯಾಲೆ ಅವರ ಅಂದ್ರು, ಬಾಯಿ, ದಿನಾ ಇಷ್ಟು ಉಪಕಾರ ಮಾಡ್ರಿ, ಒಂದು ಬೊಗಸಿ ಸಂಡಿಗಿ ಗ್ವಾಡಿ ಮ್ಯಾಲೆ ಇಡತೀನಿ ಅಂತ.”

ಆ ಸಂಡಿಗೆ! ದಿನಾ ಕಡಿಮೆ ಬೀಳುತ್ತಿತ್ತು. ಮಂಗ ತಿಂದವು ಎಂದು ನಾನು ಹನುಮಪ್ಪನ ಗುಡಿಗೆ ಹೋಗಿ, ಅವನ ಮಕ್ಕಳ ಮೇಲೆ ಅವನಿಗೇ ಚಾಡಿ ಹೇಳಿ, ಕಾಯಿ ಒಡೆಸಿ ಬಂದಿದ್ದೆ. ಹಿಂದೆ ನಿಂತು ನಮ್ಮವರೂ ಕೈ ಮುಗಿದಿದ್ದರು.

ಅಮರಯ್ಯ ಬಾಯಿಗೆ ಟವೆಲ್ಲು ಒತ್ತಿಕೊಂಡು ಅತ್ತ ತಿರುಗಿದ. ಅವನ ಹೆಗಲು ಕುಣಿಯುತ್ತಿತ್ತು.

“ನಗಬ್ಯಾಡ,” ಎಂದೆ. “ಆ ಮುಳ್ಳು ಮೊದಲಿದ್ದಂಗ ಮಾಡಿ ಹೋಗು.”

“ವೈನಿ! ಈಗರ ನೆಟ್ಟಗಾಗೈತಿ!”

“ನೆಟ್ಟಗಿನ ಸಪ್ಪಳ ಕೇಳಿದೆಲ್ಲ. ಬಡಿ.”

ಬಡಿದ. ಬೈದುಕೊಂಡೇ ಬಡಿದ.

ಮರುದಿನ ಬೆಳಿಗ್ಗೆ ಮಂಗಗಳು ಬಂದವು. ನಾನು ತಗಡಿನ ನಡುವಿಗೆ ಹಿಡಿದು ಕುದುರೆ ಒತ್ತಿದೆ. ಎಡಕ್ಕೆ ಗಾರೆ ಉದುರಿತು. ಅವರ ಗುಂಡುಗಳು ಎಲ್ಲಿ ಬಿದ್ದಿದ್ದವೋ ಅಲ್ಲೇ ನನ್ನದೂ ಬಿತ್ತು. ಆಚೆಯಿಂದ ಠಣ್ ಎಂದಿತು. ಸೇನೆ ಓಡಿತು. ನಾನು ಒಂದು ಬೊಗಸೆ ಸಂಡಿಗೆ ತುಂಬಿ ಗೋಡೆಯ ಮೇಲಿಟ್ಟೆ.

ಯಮುನಾಬಾಯಿ ಅದನ್ನು ನೋಡಿದಳು. ನನ್ನನ್ನು ನೋಡಿದಳು.

“ಇದೇನ ಶಂಕ್ರಮ್ಮಾ? ನಿಮ್ಮವರು ಎರಡು ಬೊಗಸಿ ಇಡತಿದ್ರು.”

ನಿನ್ನೆ ಒಂದು ಅಂದಿದ್ದಳು. ಹೌದೋ ಅಲ್ಲವೋ ಕೇಳೋಣವೆಂದರೆ ಅವರಿಲ್ಲ. ಇನ್ನೊಂದು ಬೊಗಸೆ ಇಟ್ಟೆ.