ಬೇಲಿಗೆ ಮುಖ ಮಾಡಿದ ಕಾರು

ಭಾನುವಾರ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ನೂಲಾ ಗೆರಾಟಿ ತನ್ನ ಕಾರಿನೊಳಗೆ ಹಿಂದಿನದನ್ನು ತೋರಿಸುವ ಕನ್ನಡಿಗೆ ಕರವಸ್ತ್ರ ಸುತ್ತುತ್ತಿದ್ದಳು. ಮೈದಾನದ ಸುತ್ತ ನಿಂತ ಕಾರುಗಳೆಲ್ಲ ಆಟದ ಕಡೆ ಮುಖ ಮಾಡಿದ್ದವು. ಅವಳದೊಂದು ಮಾತ್ರ ಮುಳ್ಳುಬೇಲಿಯ ಕಡೆ. ಹುಡುಗಿಯರು ಕೋಲು ಹಿಡಿದು ಆಡುವ ಕೆಮೋಗಿಯ ಕೌಂಟಿ ಫೈನಲ್ ಅದು. ಕಿಲ್‌ಬ್ರಾನ್ ತಂಡದ ಗೋಲು ಕಾಯುವವಳು ನೂಲಾಳ ಮಗಳು ಡರ್ವ್ಲಾ. ಪಕ್ಕದ ಸೀಟಿನಲ್ಲಿ ಗಂಡ ಮಲಾಕಿ ಕತ್ತು ಹೊರಳಿಸಿ ಹಿಂದಿನ ಗಾಜಿನಿಂದ ನೋಡುತ್ತಿದ್ದ.

ಮಲಾಕಿ: ಸಾವಿನ ಮನೇಲಿ ಕನ್ನಡಿ ಮುಚ್ಚೋದು ಕಣೇ, ಕಾರಲ್ಲಲ್ಲ.

ನೂಲಾ: ಹೋದ ವರ್ಷ ಒಂದೇ ಸಲ ತಲೆ ಎತ್ತಿ ನೋಡಿದೆ. ಚೆಂಡು ಅವಳ ಕಾಲ ಸಂದೀಲಿ ಒಳಗೆ ಹೋಯ್ತು. ಕಪ್ಪೂ ಹೋಯ್ತು. ಈ ಸಲ ನೋಡಲ್ಲ.

ಮಲಾಕಿ: ಬೇಲಿ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ? ನಮ್ಮ ಹಿತ್ತಲಲ್ಲೇ ಇದೆಯಲ್ಲ.

ನೂಲಾ: ಹತ್ತಿರ ಇರ್ಬೇಕು, ನೋಡ್ಬಾರ್ದು. ಅಷ್ಟೂ ಗೊತ್ತಾಗಲ್ವಾ? ಇನ್ನೊಂದು, ಮುಗಿಯೋವರೆಗೂ ನೀವು ಆಟದ ಸುದ್ದಿ ಎತ್ತಕೂಡ್ದು. ನಿಮ್ಮ ‘ಅಯ್ಯೋ’ಗಳನ್ನ ಕೇಳಿ ನನ್ನ ಎದೆ ಅರ್ಧ ಸವೆದಿದೆ. ಆಣೆ ಮಾಡಿ.

ಮಲಾಕಿ: ಆಯ್ತು, ನಿಮ್ಮಮ್ಮನಾಣೆ.

ನೂಲಾ: ನಿಮ್ಮಮ್ಮನ ಮೇಲೆ ಮಾಡಿ.

ಮಲಾಕಿ: ಮಾಡಿದೆ. ಮತ್ತೆ ನಿನಗೆ ಹೇಗೆ ಗೊತ್ತಾಗತ್ತೆ?

ನೂಲಾ: ಹಾರನ್ ಇಲ್ವಾ?

ತಮ್ಮೂರಿನವರು ಪಾಯಿಂಟ್ ಗಳಿಸಿದಾಗ ಕಾರಿನಲ್ಲಿದ್ದವರು ಹಾರನ್ ಒತ್ತುವುದು ರೂಢಿ. ಆಟ ಶುರುವಾಗಿ ಎರಡು ನಿಮಿಷವಾಗಿರಲಿಲ್ಲ, ಅಕ್ಕಪಕ್ಕದ ಕಾರುಗಳೆಲ್ಲ ಕೂಗಿದವು. ನೂಲಾಳೂ ಒತ್ತಿದಳು. ಅವಳ ಕಾರಿನದು ನೆಗಡಿಯಾದ ಹೆಬ್ಬಾತಿನ ದನಿ.

ಮಲಾಕಿ: ನೂಲಾ, ಆ ಹಾರನ್ನು...

ನೂಲಾ: ಆಣೆ.

ಮಲಾಕಿ: ಆಟದ ಮಾತಲ್ಲ ಕಣೇ, ಕಾರು ನಿಲ್ಸಿರೋ ಜಾಗದ ಮಾತು.

ನೂಲಾ: ಜಾಗಕ್ಕೇನಾಗಿದೆ? ನೆರಳಿದೆ. ಪಕ್ಕದವರು ಎಷ್ಟು ಹುರುಪಲ್ಲಿ ಒತ್ತುತಿದಾರೆ.

ಮಲಾಕಿ: ಅದನ್ನೇ ನಾನು ಹೇಳೋಕೆ ಹೊರಟಿದ್ದು.

ನೂಲಾ: ಸ್ಯಾಂಡ್‌ವಿಚ್ ತಿನ್ನಿ.

ಅವನು ತಿಂದ. ಅರ್ಧ ಆಟದ ಶಿಳ್ಳೆಯಾಗುವಾಗ ನೂಲಾಳ ಮುಖ ಹೊಳೆಯುತ್ತಿತ್ತು.

ನೂಲಾ: ಒಂಬತ್ತು ಸಲ ಒತ್ತಿದೆ ರೀ. ಒಂಬತ್ತು. ಮಗಳ ಬೆನ್ನಿಗೆ ನನ್ನಷ್ಟು ನಿಂತ ತಾಯಿ ಇನ್ನೊಬ್ಬಳಿದ್ರೆ ತೋರ್ಸಿ.

ಮಲಾಕಿ: ಇಲ್ಲ. ಇರೋಕೆ ಸಾಧ್ಯವೇ ಇಲ್ಲ.

ಯಾರೋ ಕಿಟಕಿ ತಟ್ಟಿದರು. ಎದುರಾಳಿ ಊರಾದ ಡ್ರಮ್‌ಕೀಲಿನ ಕೆಂಪು ಟೋಪಿ ಹಾಕಿದ್ದ ಮುದುಕ, ಗಸ್ ಕನ್ಸಿಡೈನ್. ಕೈಯಲ್ಲಿ ತಟ್ಟೆ.

ಗಸ್: ತಗೊಳ್ಳಿ ಅಮ್ಮ, ಸೇಬಿನ ಟಾರ್ಟು, ನಮ್ಮನೆಯವಳು ಮಾಡಿದ್ದು. ನಮ್ಮ ಹುಡುಗೀರ ಒಂದೊಂದು ಪಾಯಿಂಟಿಗೂ ಒತ್ತಿದ್ರಿ. ಡ್ರಮ್‌ಕೀಲಲ್ಲಿ ನಿಮ್ಮ ಮನೆ ಯಾವ ಕಡೆ?

ನೂಲಾ ಟೋಪಿಯನ್ನು, ಬೇಲಿಯನ್ನು, ಗಂಡನನ್ನು ಅದೇ ಕ್ರಮದಲ್ಲಿ ನೋಡಿದಳು.

ನೂಲಾ: ನಾವು ಕಿಲ್‌ಬ್ರಾನಿನವರು.

ಗಸ್ ತಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ. ಯೋಚಿಸಿ ಮತ್ತೆ ಮುಂದಕ್ಕೆ ಚಾಚಿದ.

ಗಸ್: ಇರ್ಲಿ, ತಿನ್ನಿ. ಒತ್ತಿದ್ದು ಒತ್ತಿದ್ದೇ.

ಅವನು ಹೋದ ಮೇಲೆ ನೂಲಾ ತಟ್ಟೆಯನ್ನು ಗಂಡನ ಮಡಿಲಿಗೆ ತಳ್ಳಿದಳು.

ನೂಲಾ: ಯಾಕ್ರೀ ಹೇಳಲಿಲ್ಲ?

ಮಲಾಕಿ: ಜಾಗದ ಮಾತು ಅಂದ್ನಲ್ಲ.

ನೂಲಾ: ನಮ್ಮದು ಎಷ್ಟಾಗಿದೆ?

ಮಲಾಕಿ: ಅಮ್ಮನಾಣೆ ಮಾಡಿದೀನಿ.

ನೂಲಾ: ನಿಮ್ಮಮ್ಮ ಹೋಗಿ ಯಾವ ಕಾಲ ಆಯ್ತು.

ಮಲಾಕಿ: ಅದಕ್ಕೇ. ಬಿಡಿಸು ಅಂತ ಕೇಳೋಕೂ ಆಗಲ್ಲ.

ಉಳಿದರ್ಧ ನೂಲಾ ತನ್ನೆರಡು ಅಂಗೈಗಳ ಮೇಲೆ ಕುಳಿತಿದ್ದಳು. ಸುತ್ತಲಿನ ಹಾರನ್‌ಗಳು ಬರಬರುತ್ತ ಕಡಿಮೆಯಾದವು. ಕೊನೆಯಲ್ಲಿ ಮಲಾಕಿ ಉಸಿರು ಬಿಗಿಹಿಡಿದ. ಏನೋ ‘ಠಪ್’ ಎಂದು ಕೋಲಿಗೆ ಬಡಿಯಿತು. ಉದ್ದನೆಯ ಶಿಳ್ಳೆ. ಅಕ್ಕಪಕ್ಕ ಒಂದು ಕಾರೂ ಸದ್ದು ಮಾಡಲಿಲ್ಲ.

ನೂಲಾ: ಯಾರೂ ಒತ್ತುತಿಲ್ಲ. ಹೋಯ್ತಾ ರೀ? ಈ ಸಲವೂ ಹೋಯ್ತಾ?

ಮಲಾಕಿ: ಕಾರು ಎಲ್ಲಿ ನಿಲ್ಸಿದೀಯ, ಸ್ವಲ್ಪ ಯೋಚ್ನೆ ಮಾಡು.

ಅಷ್ಟರಲ್ಲಿ ಮೈದಾನದ ಆಚೆ ಬದಿಯಿಂದ ಕಿಲ್‌ಬ್ರಾನಿನ ಅಷ್ಟೂ ಕಾರುಗಳು ಒಟ್ಟಿಗೆ ಕೂಗಿದವು. ನೂಲಾ ಕನ್ನಡಿಯ ಕರವಸ್ತ್ರ ಕಿತ್ತಳು. ಅಂಗೈಯಷ್ಟು ಗಾಜಿನಲ್ಲಿ ಮಗಳು ಯಾರದೋ ಹೆಗಲ ಮೇಲಿದ್ದಳು. ಅದೇ ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡಳು.

ಅರ್ಧ ಗಂಟೆಯ ಮೇಲೆ ಡರ್ವ್ಲಾ ಕೆಸರು ಮೆತ್ತಿದ ಮೊಣಕಾಲು, ಗೆದ್ದ ಕಪ್ಪು ಎರಡನ್ನೂ ಹೊತ್ತು ಬಂದಳು.

ಡರ್ವ್ಲಾ: ಅಮ್ಮಾ, ಮೊದಲರ್ಧ ಪೂರ್ತಿ ಅವರು ಹೊಡೆದಾಗೆಲ್ಲ ನಮ್ಮ ಕಾರೇ ಕೂಗ್ತಿತ್ತು. ಆ ದನಿ ಇನ್ಯಾವ ಕಾರಿಗಿದೆ? ಹೆತ್ತ ತಾಯೀನೇ ಹಂಗಿಸ್ತಾಳಲ್ಲ ಅಂತ ಸಿಟ್ಟು ನೆತ್ತಿಗೇರ್ತು. ಆಮೇಲೆ ಒಂದು ಗೋಲೂ ಬಿಡಲಿಲ್ಲ ನಾನು.

ನೂಲಾ: ಕೇಳಿದ್ರಾ ರೀ? ಅದಕ್ಕೇ ಒತ್ತಿದ್ದು.

ಡರ್ವ್ಲಾ: ಬೇಕಂತ್ಲೇನಾ? ಎಷ್ಟು ಸಲ ಒತ್ತಿದೆ?

ನೂಲಾ: ಎಲ್ಲೋ ಒಂದೆರಡು ಸಲ ಇರ್ಬೇಕು, ಮರಿ.

ಆಟ ಮುಗಿದಿತ್ತು, ಆಣೆಯೂ ಮುಗಿದಿತ್ತು. ಮಲಾಕಿ ಟಾರ್ಟಿನ ಕೊನೆಯ ತುಣುಕು ನುಂಗಿ ಬಾಯಿ ಒರೆಸಿಕೊಂಡ.

ಮಲಾಕಿ: ಒಂಬತ್ತು.